ಸಾಹೇಬರು ಉಂಡ ರೊಟ್ಟಿ

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಗ ಹುಬ್ಬಳ್ಳಿಯಿಂದ ಕೆಂಪು ಜೋಳದ ಹಿಟ್ಟಿನ ಪೊಟ್ಟಣ ತಂದುಕೊಟ್ಟ. ಅದರ ಬೆಲೆ ಕೇಳಿದರೆ ಕಾಯಿಲೆ ಇನ್ನಷ್ಟು ಏರುತ್ತದೆ. ಬಿಚ್ಚಿ ಮೂಸಿದೆ. ಹಳೆಯ ಗೋಣಿಚೀಲದ ವಾಸನೆಗಾಗಿ ಕಾದೆ ನೋಡಿ, ಬರಲಿಲ್ಲ. ಆದರೂ ಮನಸ್ಸು ನನ್ನ ತವರೂರು ಮೊರಬಕ್ಕೆ ಹೋಗಿಬಿಟ್ಟಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಿಳಿಜೋಳವೊಂದೇ ಅನ್ನವೆಂದು ತಿಳಿದಿದ್ದ ನಮ್ಮ ಸೀಮೆಗೆ ರೇಶನ್ ಅಂಗಡಿಯ ಮೂಲಕ ಪರದೇಶದ ಕೆಂಪು ಜೋಳ ಬಂದಿತ್ತು. ಹಿಟ್ಟಿಗೆ ಜಿಗಿಯೇ ಇಲ್ಲ. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಅವ್ವ ಬೈಯುತ್ತಲೇ ಬಡಿಯುತ್ತಿದ್ದಳು, ನಾವು ಬೈಯುತ್ತಲೇ ತಿನ್ನುತ್ತಿದ್ದೆವು. ಬೈಯದವನು ಕಾಕಾ ಒಬ್ಬನೇ.

ಅಪ್ಪನ ತಮ್ಮನಾದ ಈ ಕಾಕಾ ಪಕ್ಷದ ಮನುಷ್ಯ. ಚುನಾವಣೆ ಬಂತೆಂದರೆ ಸೈಕಲ್ಲಿಗೆ ಬಾವುಟ ಕಟ್ಟಿ, ಮುಂದೆ ನನ್ನನ್ನು ಕೂರಿಸಿಕೊಂಡು ತಿರ್ಲಾಪುರದವರೆಗೂ ತುಳಿಯುತ್ತಿದ್ದ. ಬದಲಿಗೆ ಒಂದು ಕಪ್ ಚಹಾ ಕೇಳಿದವನಲ್ಲ. ಕಟ್ಟೆಯ ಮೇಲೆ ಯಾರಾದರೂ ಗೊಣಗಿದರೆ, "ಸ್ವಲ್ಪ ತಡಕೊಳ್ರಿ. ಸಾಹೇಬ್ರಿಗೆ ನಮ್ಮ ತ್ರಾಸು ಎಲ್ಲಾ ಗೊತ್ತೈತಿ. ಈ ಜೋಳನೂ ಅವರೇ ಬಡಿದಾಡಿ ತರಿಸ್ಯಾರ" ಎನ್ನುತ್ತಿದ್ದ. ಸಾಹೇಬರೆಂದರೆ ನಮ್ಮ ಭಾಗದ ಮುಖಂಡರು. ಕಾಕಾನ ಮಾತಿನ ಮೇಲೆ ಅರ್ಧ ಊರು ತಾಳಿಕೊಂಡಿತ್ತು. ನಾನಂತೂ ದೊಡ್ಡವಳಾದ ಮೇಲೆ ಮಂತ್ರಿಯಾಗುವುದೆಂದೇ ನಿರ್ಧರಿಸಿದ್ದೆ. ಕೊನೆಗೆ ಆದದ್ದು ಶಾಲೆಯ ಅಕ್ಕೋರು.

ಒಂದು ದಿನ ಸಾಹೇಬರು ಭಾಷಣಕ್ಕೆ ಬರುವುದೆಂದಾಯಿತು. ಊಟ ನಮ್ಮ ಮನೆಯಲ್ಲಿ. "ವೈನಿ, ಬಿಳಿಜೋಳ ಎಲ್ಲಿಂದರೆ ಕಡಾ ತರಲೇನು?" ಎಂದು ಕಾಕಾ ಕೇಳಿದ.

"ಯಾಕ? ಅವರು ತರಿಸಿದ್ದನ್ನ ಅವರೂ ಉಣ್ಣಲಿ," ಎಂದಳು ಅವ್ವ.

"ಅದೂ ಖರೇನ. ಅವರಿಗೇನು ಗೊತ್ತಿಲ್ಲದ್ದಲ್ಲ," ಎಂದು ಕಾಕಾ ಖುಷಿಯಿಂದಲೇ ಒಪ್ಪಿದ.

ಕೆಂಪು ಜೋಳ ಊರನ್ನು ಹೇಗೆ ಕಾಪಾಡಿತೆಂದು ಸಾಹೇಬರು ಗುಡಿಯ ಮುಂದೆ ಒಂದು ತಾಸು ಮಾತಾಡಿದರು. ಕಾಕಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿದು ಬಾಯಿಗಿಟ್ಟವರು, ಉಳಿದ ಚೂರನ್ನು ಬೆಳಕಿಗೆ ಹಿಡಿದು ಕೇಳಿದರು: "ಇದ್ಯಾತರ ರೊಟ್ಟಿರಿ? ರಾಗೀದೇನು?"

ಬಾಗಿಲಲ್ಲಿ ನಿಂತಿದ್ದ ಊರವರೆಲ್ಲ ಕಾಕಾನ ಮುಖ ನೋಡಿದರು. ಅವನು ನೀರಿನ ತಂಬಿಗೆಯನ್ನು ಸಾಹೇಬರ ಹತ್ತಿರ ಸರಿಸಿ, "ಹೌದ್ರಿ" ಎಂದ.

"ಚಲೋ ಐತಿ," ಎಂದು ಸಾಹೇಬರು ರೊಟ್ಟಿ ಬದಿಗಿಟ್ಟು ಮೊಸರನ್ನಕ್ಕೆ ಕೈ ಹಾಕಿದರು.

ಆಮೇಲೆ ಕಾಕಾ ಸೈಕಲ್ಲಿಗೆ ಬಾವುಟ ಕಟ್ಟಲಿಲ್ಲ. ಕಟ್ಟೆಗೂ ಹೋಗಲಿಲ್ಲ. ಸಂಜೆ ಅವನ ದನಿ ಕೇಳದೆ ನನಗೆ ಅಗದಿ ಬೇಸರವಾಗುತ್ತಿತ್ತು. ಯಾಕೆ ಸುಳ್ಳು ಹೇಳಿದ ಎಂಬ ಸಿಟ್ಟೂ ಇತ್ತು. ಎಷ್ಟೋ ವರ್ಷಗಳ ಮೇಲೆ ಕೇಳಿದಾಗ, "ಉಣ್ಣಾಕ ಕುಂತವರಿಗೆ ಏನ ಹೇಳೂದವಾ" ಎಂದ. ಮತ್ತೆ ತಾನೇ, "ಗೊತ್ತಿದ್ದು ಸುಳ್ಳು ಹೇಳಿದ್ರ ತಡಕೋತಿದ್ದೆ. ಅವರಿಗೆ ಗೊತ್ತ ಇರಲಿಲ್ಲ ನೋಡು," ಎಂದ.

ಈ ಕತೆ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ. ಆರು ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಶಾಂತವ್ವನಿಗೂ ಮೊನ್ನೆ ಹೇಳಿದೆ. ಅವಳೂ ನಕ್ಕಳು. ಅದೇ ಉಮೇದಿನಲ್ಲಿ, "ನಿಮ್ಮನ್ಯಾಗ ಈಗ ಯಾವ ಜೋಳ ತರ್ತೀರಿ?" ಎಂದು ಕೇಳಿದೆ.

"ಜೋಳ ಎಲ್ಲೀದ್ರಿ ಅಕ್ಕೋರ, ತುಟ್ಟಿ ಆಗೇತಲ್ರಿ," ಎಂದಳು, ಬಡಿಯುವ ಕೈ ನಿಲ್ಲಿಸದೆ. "ನಾವು ರೇಶನ್ ಅಕ್ಕಿ ಅನ್ನಾನ ಉಣ್ಣೂದ್ರಿ. ನಾಕೈದು ವರ್ಷ ಆತು."

ನನಗೆ ನಾಚಿಕೆಯಾಯಿತು. ಶಾಂತವ್ವ ಒಮ್ಮೆ ನನ್ನ ಮುಖ ನೋಡಿ, ತಟ್ಟೆಯನ್ನು ನನ್ನ ಕಡೆ ಸರಿಸಿ, "ಬಿಸಿ ಅದಾವ, ಉಣ್ರಿ" ಎಂದಳು.