ಸುಖಮಣಿಯ ಖಾತೆಗೆ ಯಾರ ನಂಬರು

ಕೊರೊನಾ ಕಳೆದ ಮಾರನೆಯ ವರ್ಷ. ತಿಪಟೂರಿನ ಹೊರಗಿರುವ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಅರಳಗುಪ್ಪೆ ಕಡೆಯಿಂದ ಸೈಕಲ್ ತುಳಿದುಕೊಂಡು ಬಂದು ಚಿಪ್ಪು ಬಿಡಿಸುವ ಕೆಲಸಕ್ಕೆ ಸೇರಿದವನು ನಾನು. ಯಾರ ಶಿಫಾರಸೂ ಇಲ್ಲದೆ ಆ ಕುರ್ಚಿಗೆ ಬಂದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮಲ್ಲಿ ಕಾಯಿಯ ಚಿಪ್ಪು ಬಿಡಿಸಿದ ಮೇಲೆ ಒಳಗಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯಬೇಕು. ಆ ಕೆಲಸಕ್ಕೆ ಜಾರ್ಖಂಡ್‌ನಿಂದ ಒಂದಷ್ಟು ಹೆಂಗಸರು ಬಂದಿದ್ದರು. ಕರೆತಂದವನು ದಿನೇಶ, ಅವರ ಸೀಮೆಯವನೇ. ಎಲ್ಲರ ಕೂಲಿಯನ್ನೂ ಅವನೇ ಎಣಿಸಿಕೊಂಡು ಹಂಚುತ್ತಿದ್ದ. ಆಡಿಟರ್ ಅದಕ್ಕೆ ತಕರಾರು ತೆಗೆದರು. ಇನ್ನು ಮುಂದೆ ಕೂಲಿ ಅವರವರ ಬ್ಯಾಂಕ್ ಖಾತೆಗೇ ಹೋಗಬೇಕು ಎಂದು ಮಾಲೀಕರು ಹೇಳಿ, ಖಾತೆ ಮಾಡಿಸುವ ಜವಾಬ್ದಾರಿಯನ್ನು ನನಗೆ ವಹಿಸಿದರು.

ನನಗದು ಸಣ್ಣ ಕೆಲಸ ಅನ್ನಿಸಿತು. ಒಂದು ಖಾಸಗಿ ಬ್ಯಾಂಕಿನ ಹುಡುಗರು ಟ್ಯಾಬ್ ಹಿಡಿದು ಗೇಟಿಗೇ ಬಂದರು. ಆಧಾರ್ ಕಾರ್ಡು, ಬೆರಳಚ್ಚು, ಒಂದು ಮೊಬೈಲ್ ನಂಬರ್, ಅಷ್ಟೇ. ಹೆಂಗಸರ ಬಳಿ ಫೋನ್ ಇರಲಿಲ್ಲ. ದಿನೇಶ ಮುಂದೆ ಬಂದು ಎಲ್ಲರಿಗೂ ತನ್ನ ನಂಬರನ್ನೇ ಬರೆಸಿದ. ಸುಖಮಣಿ ಎಂಬಾಕೆ ಮಾತ್ರ ಬೆರಳು ಕೊಡದೆ ಸಿಪ್ಪೆ ಹೆರೆಯುವ ಜಾಗಕ್ಕೆ ವಾಪಸ್ ಹೋಗಿ ಕೂತಳು.

ಅವಳು ಬಂದು ಐದಾರು ತಿಂಗಳಾಗಿತ್ತು. ನಮ್ಮ ಹೆಂಗಸರ ಪಕ್ಕ ಕೂತೂ ಕೂತೂ ನಮ್ಮ ಮಾತು ಬಂದಿತ್ತು.

"ಯಾಕಮ್ಮ, ನಿಂಗೊಬ್ಬಳಿಗೆ ಬ್ಯಾಡ್ವಾ ಖಾತೆ?" ಅಂದೆ.

"ಬೇಕಣ್ಣ. ಹೋದ ವರ್ಷ ಇಟ್ಟಿಗೆ ಗೂಡಲ್ಲೂ ಮಾಡ್ಸಿದ್ರು. ಹೆಸ್ರು ನಂದು, ನಂಬರ್ ಮೇಸ್ತ್ರಿದು. ದುಡ್ಡು ಬಂದಿದ್ದೂ ಅವ್ನಿಗೇ ಗೊತ್ತು, ಹೋಗಿದ್ದೂ ಅವ್ನಿಗೇ ಗೊತ್ತು."

ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಫೋನಿನಲ್ಲೇ ಖಾತೆಯಿಂದ ಹಣ ತೆಗೆಯಬಹುದು. ಅದಕ್ಕೆ ಬ್ಯಾಂಕಿನವರು ಒಟಿಪಿ ಎಂಬ ಗುಪ್ತ ಸಂಖ್ಯೆ ಕಳಿಸುತ್ತಾರೆ. ಖಾತೆಯಲ್ಲಿ ಬರೆಸಿದ ಫೋನು ಯಾರ ಜೇಬಿನಲ್ಲಿದೆಯೋ ಆ ಸಂಖ್ಯೆ ಅವರಿಗೇ ಬರುವುದು. ಸುಖಮಣಿಯ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಓದುತ್ತಿದ್ದಳು. ಇಟ್ಟಿಗೆ ಗೂಡಿನ ಕೂಲಿಯಲ್ಲಿ ಒಂದು ಪೈಸೆಯೂ ಆ ಮಗುವಿಗೆ ತಲುಪಿರಲಿಲ್ಲ.

ದಿನೇಶ ನನ್ನನ್ನು ಪಕ್ಕಕ್ಕೆ ಕರೆದ. "ಇವ್ಳೊಬ್ಳು ಆಗಲ್ಲ ಅಂದ್ರೆ ನಾಳೆ ಎಲ್ರೂ ಅಂತಾರೆ. ಊರಿಗೆ ವಾಪಸ್ ಕಳಿಸ್ಬಿಡ್ತೀನಿ" ಅಂದ.

"ಕರ್ಕೊಂಡ್ ಬಂದಿದ್ದು ನೀನು, ಸರಿ. ಈ ಫ್ಲೋರಲ್ಲಿ ಯಾರಿರ್ಬೇಕು ಅನ್ನೋದು ನಾನು ಹೇಳೋದು ಕಣಪ್ಪ" ಅಂದೆ. ಅಂದಿನಿಂದ ಅವನು ನನ್ನ ಜೊತೆ ಟೀ ಕುಡಿಯುವುದನ್ನು ಬಿಟ್ಟ.

ಯಾವ ಬ್ಯಾಂಕು ಅನ್ನುವುದನ್ನೂ ಸುಖಮಣಿಯೇ ಆರಿಸಿದಳು. ಫ್ಯಾಕ್ಟರಿಗೆ ಹತ್ತಿರದ್ದು ಬೇಡ, ತನ್ನೂರಿನ ಸಂತೆ ಬೀದಿಯಲ್ಲೂ ಶಾಖೆ ಇರುವ ಸರ್ಕಾರಿ ಬ್ಯಾಂಕು ಬೇಕು ಅಂದಳು. "ಊರಿಗೆ ಹೋದಾಗ ದುಡ್ಡು ಸಿಗ್ಲಿಲ್ಲ ಅಂದ್ರೆ ಯಾರ್ನ ಕೇಳ್ಲಿ? ಕೇಳೋಕೆ ಅಲ್ಲೊಂದು ಬಾಗ್ಲು ಇರ್ಬೇಕು." ನಾನು ಇಷ್ಟು ಯೋಚಿಸಿರಲಿಲ್ಲ. ಅವಳು ಇಲ್ಲೇ ವಾಸವಿದ್ದಾಳೆ ಎಂದು ಮಾಲೀಕರಿಂದ ಪತ್ರ ಬರೆಸಿ, ಬೈಕಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋದೆ.

ಕೌಂಟರಿನ ಮೇಡಂ ಆಧಾರ್ ನೋಡಿದರು, ಪತ್ರ ನೋಡಿದರು. "ಮೊಬೈಲ್ ನಂಬರ್ ಹೇಳಿ" ಅಂದರು.

"ನಂದೇ ಬರ್ಕೊಳಿ ಮೇಡಂ" ಅಂದೆ.

ನಮ್ಮ ಕಡೆ ಇದು ಹೊಸದಲ್ಲ. ಕೊಬ್ಬರಿ ಮಾರಿದ ಹಣವನ್ನು ಮಂಡಿಯವರ ಹತ್ತಿರವೇ ಬಿಟ್ಟು, ಬೇಕಾದಾಗ ಇಸಿದುಕೊಳ್ಳುವ ಜನ ನಾವು. ನಂಬಿಕಸ್ಥನೊಬ್ಬ ನಡುವೆ ಇದ್ದರೆ ನೆಮ್ಮದಿ. ನಮ್ಮ ಬೀದಿಯ ಎಷ್ಟೋ ಮುದುಕರ ಖಾತೆಗೆ ನನ್ನದೇ ನಂಬರು. ಅದು ನನಗೆ ಸಿಕ್ಕ ಮರ್ಯಾದೆ ಅಂತಲೇ ತಿಳಿದಿದ್ದೆ.

ಸುಖಮಣಿ ತಲೆಯಾಡಿಸಿದಳು. "ಬ್ಯಾಡ ಬುಡಣ್ಣ."

"ಯಾಕೆ, ನಾನೇನು ದಿನೇಶನಾ?"

"ಅಲ್ಲ. ಆದ್ರೂ ಫೋನ್ ನಿಮ್ದು."

ಮೇಡಂ ಪೆನ್ನು ಕೆಳಗಿಟ್ಟರು. "ಅವ್ರು ಹೇಳೋದ್ರಲ್ಲಿ ತಪ್ಪೇನಿಲ್ಲ ಕಣ್ರೀ. ಒಂದು ಸಿಮ್ ಮಾಡ್ಸ್ಕೊಂಡು ಬರ್ಲಿ." ಮುಖ ಬಿಗಿದುಕೊಂಡು ಹೊರಗೆ ಬಂದೆ. ಅವಳಿಗಾಗಿ ದಿನೇಶನನ್ನು ಎದುರು ಹಾಕಿಕೊಂಡಿದ್ದೆ, ಕೆಲಸ ಬಿಟ್ಟು ಬಂದಿದ್ದೆ. ಅದಕ್ಕೆ ಇದಾ ಅನ್ನಿಸಿತು. ಬೈಕ್ ಹತ್ತುವಾಗ ಅವಳೇ ಕೇಳಿದಳು.

"ಅಣ್ಣ, ಕೋಪ ಬಂತಾ?"

"ಬಂತು."

"ದಿನೇಶಂಗೂ ಬಂತು."

ಕಿಕ್ ಹೊಡೆಯಲು ಎತ್ತಿದ ಕಾಲು ಹಾಗೇ ನಿಂತಿತು. ಆಮೇಲೆ ನಗು ಬಂತು. ಅವಳೂ ನಕ್ಕಳು.

ಖಾತೆಯಾಗುವವರೆಗೆ ಕೂಲಿಯನ್ನು ನಾನೇ ಅವಳ ಕೈಗೆ ಕೊಟ್ಟೆ. ಮುಂದಿನ ವಾರದ ಕೂಲಿಯಲ್ಲಿ ಅವಳು ಬಟನ್ ಫೋನೊಂದನ್ನು ಕೊಂಡು, ತನ್ನ ಹೆಸರಲ್ಲೇ ಸಿಮ್ ಮಾಡಿಸಿದಳು. ಖಾತೆಯಾಯಿತು. ಅದನ್ನು ನೋಡಿ ಇನ್ನಿಬ್ಬರು ನಂಬರ್ ಬದಲಿಸಲು ಬ್ಯಾಂಕಿಗೆ ಹೋದರು. ದಿನೇಶ ಗೊಣಗಿದ, ಆದರೆ ಯಾರನ್ನೂ ವಾಪಸ್ ಕಳಿಸಲು ಅವನಿಂದಾಗಲಿಲ್ಲ.

ಬೇರೆಯವರಿಗೆ ನೆರವಾಗುವುದು ಅಂದರೆ ಅವರ ಪರವಾಗಿ ಎಲ್ಲವನ್ನೂ ನಾವೇ ಹಿಡಿದುಕೊಳ್ಳುವುದು ಎಂದು ಅಷ್ಟು ವರ್ಷ ತಿಳಿದಿದ್ದೆ. ಬ್ಯಾಂಕಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ಪಕ್ಕಕ್ಕೆ ಸರಿದು ನಿಲ್ಲುವುದು ಅದಕ್ಕಿಂತ ಕಷ್ಟ. ಮೊದಲ ಸಲ ಕೂಲಿ ಜಮೆಯಾದಾಗ ಸುಖಮಣಿಯ ಫೋನು ಕಿಣಿಗುಟ್ಟಿತು. ಇಂಗ್ಲಿಷ್ ಮೆಸೇಜು, ಓದಿ ಹೇಳೋಣ ಎಂದು ಕೈ ಚಾಚಿದೆ. ಅವಳು ಫೋನನ್ನು ಮುಖದ ಹತ್ತಿರ ಹಿಡಿದು, ಒಂದೊಂದೇ ಅಂಕಿಯನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.