ಮುಂಗಡ ಹಿಡಿದ ಕೈ

ಇದನ್ನು ಬರೆಯಬೇಕೆಂದು ಕೂತು, ಬೇರೆ ಏನೋ ಬರೆದು ಎದ್ದದ್ದೇ ಹೆಚ್ಚು. ಇನ್ನು ಮುಂದೂಡಲು ವಯಸ್ಸು ಉಳಿದಿಲ್ಲ.

ಉಡುಪಿ ಕಡೆಯ ನಾವಿಬ್ಬರು ಗೆಳೆಯರು ಕಲ್ಕತ್ತೆಯ ಬೆಹಾಲಾದಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದೆವು. ಎಡಪಕ್ಷಗಳ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ಅಡುಗೆ ಅವನದು, ಗಲ್ಲಾ ನನ್ನದು. ಅವನ ಹೆಂಡತಿ ದಿನವೂ ಹಿಟ್ಟು ರುಬ್ಬಿಕೊಡುತ್ತಿದ್ದರು, ಅವರಿಗೆ ಪಾಲೆಂಬುದಿರಲಿಲ್ಲ. ಹೋಟೆಲಿನ ಲಾಭ ನಷ್ಟ ನಮ್ಮಿಬ್ಬರಿಗೂ ಸಮ. ಮದುವೆ ಅಡುಗೆಗೆ ಮಾತ್ರ ಬೇರೆ ಕಟ್ಟಳೆ: ಲಾಭ ಇಬ್ಬರಿಗೂ, ನಷ್ಟವಾದರೆ ವೀಳ್ಯದೊಂದಿಗೆ ಮುಂಗಡ ಹಿಡಿದವನಿಗೆ. ಆಸೆಗೆ ಬಿದ್ದು ಕಂಡ ಕಂಡ ಕೆಲಸ ಒಪ್ಪಬಾರದೆಂದು ನಾನೇ ಮಾಡಿದ್ದು.

ಸದರ್ನ್ ಅವೆನ್ಯೂವಿನ ಒಂದು ಮದುವೆಯನ್ನು ನಾನೇ ಮಾತಾಡಿ ಕುದುರಿಸಿದೆ. ಯಾವ ದಿನ ಬಂದ್ ಆಗುತ್ತದೋ ಗೊತ್ತಿಲ್ಲ, ಅಷ್ಟು ದೊಡ್ಡ ಅಡುಗೆ ಬೇಡವೆಂದು ಅವನು ಹೇಳಿದರೂ ಕೇಳಲಿಲ್ಲ. ಹುಡುಗಿಯ ತಂದೆ ಮುಂಗಡ ತಂದಾಗ ನನಗೆ ದೊಡ್ಡಪ್ಪನ ಸೂತಕ. ಶುಭಕಾರ್ಯದ ವೀಳ್ಯ ಮುಟ್ಟುವಂತಿರಲಿಲ್ಲ. ನೀನು ಹಿಡಿ ಎಂದೆ. ಅವನು ಕೈ ತೊಳೆದು ಬಂದು ಹಿಡಿದ.

ಮದುವೆಯ ದಿನವೇ ಬಂದ್ ಆಯಿತು. ಬಸ್ಸು, ಟ್ರಾಮು ಇಲ್ಲ. ನೆಂಟರಲ್ಲಿ ಅರ್ಧದಷ್ಟೂ ಬರಲಿಲ್ಲ. ಉಂಡ ಎಲೆಗಷ್ಟೇ ಹಣ ಎಂಬ ಕರಾರು. ಉಳಿದ ಅನ್ನ, ಪಾಯಸವನ್ನು ಹಾದಿಬದಿಯ ಗುಡಿಸಲುಗಳಿಗೆ ಹಂಚಿ ಬಂದೆವು.

ಲೆಕ್ಕಕ್ಕೆ ಕೂತಾಗ, ಮುಂಗಡ ಹಿಡಿದ ಕೈ ನಿನ್ನದು ಎಂದೆ. ತಮಾಷೆಯೆಂದು ಅವನು ನಕ್ಕ. ನಾನು ನಗಲಿಲ್ಲ. ಒಳಗಿನಿಂದ ಅವನ ಹೆಂಡತಿ ಬಂದರು.

"ನಿಮಗೆ ಸೂತಕ ಅಂತ ಅಲ್ವಾ ಭಾವ, ಇವರು ಕೈ ಒಡ್ಡಿದ್ದು?"

"ಇದು ಗಂಡಸರ ವ್ಯವಹಾರ ಅತ್ತಿಗೆ. ನೀವು ರುಬ್ಬಿ ಹೋಗಿ."

ಅವರು ಹೋಗಿ ರುಬ್ಬಿದರು. ಮರುದಿನದ ದೋಸೆ ಆ ಹಿಟ್ಟಿನದೇ.

ನಷ್ಟ ತುಂಬಲಾಗದೆ ಅವನು ಹೋಟೆಲಿನ ಪಾಲನ್ನು ನನಗೆ ಬಿಟ್ಟ. ತಾವಿದ್ದ ಹೋಟೆಲಿನ ಹಿಂಬದಿಯ ಕೋಣೆ ಖಾಲಿ ಮಾಡಿ ಗಂಡ ಹೆಂಡತಿ ಊರಾಚೆಯ ಜೋಕಾ ಕಡೆ ಹೋದರು. ಆಗ ಅಲ್ಲಿ ಕುಡಿಯುವ ನೀರಿಗೂ ದೂರ ನಡೆಯಬೇಕಿತ್ತು. ಅವನು ಯಾರದೋ ಕ್ಯಾಂಟೀನಿನಲ್ಲಿ ಸಂಬಳಕ್ಕೆ ಒಲೆಯ ಮುಂದೆ ನಿಂತ.

ವರ್ಷಗಳ ಮೇಲೆ, ಅವನು ಹಾಸಿಗೆ ಹಿಡಿದನೆಂದು ಕೇಳಿ ಹೋದೆ. ಕಾಲ ಬಳಿ ಕೂತು ತಪ್ಪಾಯಿತು ಎಂದೆ.

"ಬಿಡು ಮಾರಾಯ, ನೀನಾದ್ರೂ ಹೋಟೆಲು ಉಳಿಸಿದೆಯಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿ ಇಳಿದುಬಂದೆ.

ಅವನು ತೀರಿಕೊಂಡ ಮೇಲೆ ಅವರು ಊರಿಗೆ ಹೋದರು. ಈಗ ಅವರೂ ಇಲ್ಲ. ಗೆಳೆಯನ ಮುಂದೆ ಆಡಿದ, ತಪ್ಪಾಯಿತು ಎಂಬ ಆ ಒಂದು ಮಾತನ್ನು ನಾನು ಎಂದೂ ಆಡದೆ ಉಳಿದದ್ದು ಅತ್ತಿಗೆಯ ಮುಂದೆ.