ದಿನಕ್ಕೊಂದೇ ಪತ್ರಿಕೆ

ವರ್ತಮಾನ ಪತ್ರಿಕೆಯನ್ನು ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಲೋಕದ ಸಜ್ಜನರೆಲ್ಲ ಮೊದಲ ಪುಟದ ಜಾಹೀರಾತಿನಿಂದ ಆರಂಭಿಸಿ, ಸರ್ಕಾರದ ಹುಕುಂಗಳನ್ನೂ ಸಂಪಾದಕರ ಹಿತೋಪದೇಶವನ್ನೂ ಕ್ರಮವಾಗಿ ದಾಟಿ, ಕಾಫಿ ಆರುವ ಹೊತ್ತಿಗೆ ಕಡೆಯ ಪುಟವನ್ನು ಮುಟ್ಟುತ್ತಾರೆ. ನಾನು ಮಾತ್ರ ಕಡೆಯ ಪುಟವನ್ನೇ ಮೊದಲು ಮಗುಚಿ, ಯಾವ ಊರಿನ ಯಾವ ಪಂದ್ಯದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಡಂಗುರದವನ ಹಾಗೆ ಗಟ್ಟಿಯಾಗಿ ಸಾರಿಬಿಡುತ್ತೇನೆ. ಕೇಳುವವರು ಹತ್ತಿರ ಇದ್ದಾರೆಯೇ, ಇದ್ದರೂ ಅವರಿಗೆ ಅದು ಬೇಕೇ ಎಂಬ ವಿವೇಚನೆ ನನಗಿಲ್ಲ. “ಯಾರು ಕೇಳಿದ್ರು ನಿಮ್ಮನ್ನ?” ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ದಿನವೂ ಕೇಳುತ್ತಾಳೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಇಷ್ಟು ವರ್ಷ ಅವಳಿಗೆ ಹೇಳಿಲ್ಲ. ಓದುಗ ಮಿತ್ರರೇ, ನೀವು ಎದುರುಪ್ರಶ್ನೆ ಹಾಕಲಾರಿರಿ ಎಂಬ ಧೈರ್ಯದಿಂದ ಮೊದಲು ನಿಮಗೆ ಹೇಳುತ್ತೇನೆ.

ಜರ್ಮನಿಯ ಯುದ್ಧಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಆಗ ನಾನು ಚಳ್ಳಕೆರೆಯ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕಚೇರಿಯ ಹಿಂದಿನ ಬಯಲಿನಲ್ಲಿ ಅಮಲ್ದಾರರು ಸುಣ್ಣದ ಗೆರೆ ಎಳೆಸಿ ಒಂದು ಟೆನ್ನಿಸ್ ಅಂಗಳ ಮಾಡಿಸಿದ್ದರು. ನನ್ನನ್ನು ಅಲ್ಲಿಗೆ ಸೇರಿಸಿಕೊಂಡದ್ದು ನನ್ನ ಪ್ರಾವೀಣ್ಯಕ್ಕಲ್ಲ, ಆಟಕ್ಕೆ ನಾಲ್ಕನೆಯ ಆಳು ಬೇಕಿತ್ತೆಂದು. ಚೆಂಡು ನನ್ನನ್ನು ದಾಟಿ ಬೇಲಿ ಸೇರಿದ ಮೇಲೆ ಗಂಭೀರವಾಗಿ ಬ್ಯಾಟು ಬೀಸುವುದು ನನ್ನ ಆಟದ ವೈಶಿಷ್ಟ್ಯವಾಗಿತ್ತು. ಒಂದು ದಿನ ಯಾರದೋ ಆಡು ಬಂದು, ಅಂಗಳದ ನಡುವಿನ ಬಲೆಯನ್ನು ಸೊಪ್ಪೆಂದು ಭಾವಿಸಿ ಅರ್ಧ ಮೇದುಬಿಟ್ಟಿತು. ಹೊಸ ಬಲೆ ಮದರಾಸಿನಿಂದ ಬರಬೇಕು. ಅದೇ ಸಮಯಕ್ಕೆ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆಯ ಗಂಟು ತಂದು ವರ್ತಕರ ಮನೆಯಲ್ಲಿ ಇಳಿದಿದ್ದ ನೇಕಾರ ಚೌಡಪ್ಪನನ್ನು ಜವಾನ ಕರೆತಂದ.

ಚೌಡಪ್ಪನಿಗೆ ಆಗ ನಲವತ್ತು ದಾಟಿತ್ತು. ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ, ಮುಖದ ತುಂಬ ನಗು. ಎರಡು ದಿನ ಕೂತು, ಆಡಿನ ಹಲ್ಲಿನ ಗುರುತೂ ಸಿಗದಂತೆ ಬಲೆಯನ್ನು ಕಟ್ಟಿ ಮುಗಿಸಿದ; ಆದರೆ ಊರಿಗೆ ಹೊರಡಲಿಲ್ಲ. ಆಟ ನೋಡಬೇಕೆಂದ. ಸಂಜೆ ಬಲೆಯ ಗೂಟದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಚೆಂಡಿನೊಂದಿಗೆ ತಲೆಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತ ಒಂದು ಗಂಟೆ ಮೈಮರೆತ. “ಇದು ಲಾಳಿ ಆಟ ಕಣ್ರೀ ಮೇಷ್ಟ್ರೇ,” ಎಂದ ಕೊನೆಗೆ. “ಈ ಕೈಯಿಂದ ಎಸಿಯೋದು, ಆ ಕೈಯಾಗೆ ಹಿಡಿಯೋದು. ನಮ್ದು ಸೀರೆ ಆಗ್ತೈತೆ, ನಿಮ್ದು ಏನೂ ಆಗಲ್ಲ, ಅಷ್ಟೇ.” ಟೆನ್ನಿಸ್ಸಿನ ಬಗ್ಗೆ ಇದಕ್ಕಿಂತ ಸಮರ್ಪಕವಾದ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಮರುವರ್ಷ ನನಗೆ ಮೊಳಕಾಲ್ಮೂರಿಗೇ ವರ್ಗವಾಯಿತು. ಅಲ್ಲಿ ಗುಡ್ಡವಿತ್ತು, ಬಂಡೆಯಿತ್ತು, ಮನೆಮನೆಯಲ್ಲೂ ಮಗ್ಗವಿತ್ತು, ಟೆನ್ನಿಸ್ ಅಂಗಳವಿರಲಿಲ್ಲ. ಊರಲ್ಲಿ ನನಗೆ ಗುರುತಿದ್ದವನು ಚೌಡಪ್ಪನೊಬ್ಬನೇ. ನನ್ನ ವನವಾಸಕ್ಕೆ ಮರುಗಿದ ಅಮಲ್ದಾರರು, ಚಳ್ಳಕೆರೆಯ ಕ್ಲಬ್ಬಿನಲ್ಲಿ ಓದಿ ಮುಗಿದ ಮದರಾಸಿನ ಇಂಗ್ಲಿಷ್ ಪತ್ರಿಕೆಗಳನ್ನು ಹದಿನೈದು ದಿನಕ್ಕೊಮ್ಮೆ ಕಟ್ಟುಕಟ್ಟಿ ಗಾಡಿಯಲ್ಲಿ ಕಳಿಸುವ ಏರ್ಪಾಟು ಮಾಡಿದರು. ಲಂಡನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೆನ್ನಿಸ್ಸಿನ ಮಹಾಪಂದ್ಯಗಳ ಸುದ್ದಿ ನಮಗೆ ಸಿಗುತ್ತಿದ್ದುದು ಆ ಕಟ್ಟಿನಲ್ಲಿ. ತಂತಿಯ ಮೇಲೆ ಸಪ್ತಸಮುದ್ರಗಳನ್ನು ಒಂದೇ ಹಗಲಿನಲ್ಲಿ ಲಂಘಿಸಿ ಮದರಾಸಿಗೆ ಬಂದ ಸುದ್ದಿ, ಆಮೇಲೆ ಎತ್ತಿನ ಕಾಲು ನೋವೆಂದು ದಾರಿಯ ಕೊಂಡ್ಲಹಳ್ಳಿಯಲ್ಲಿ ಮೂರು ದಿನ ವಿಶ್ರಮಿಸಿಕೊಳ್ಳುತ್ತಿತ್ತು.

ಕಟ್ಟು ಬಂದ ಕೂಡಲೇ ಕಡೆಯ ಪತ್ರಿಕೆಯನ್ನು ಎಳೆದರೆ ಗೆದ್ದವನ ಹೆಸರು ಕೈಗೆ ಸಿಗುತ್ತದೆ. ಆದರೆ ಆಟದ ಸುಖವೆಲ್ಲ ಮಣ್ಣುಪಾಲಾಗುತ್ತದೆ. ಆದ್ದರಿಂದ ನಾನೊಂದು ಕಾನೂನು ಮಾಡಿದೆ. ಕಟ್ಟು ಶಾಲೆಯ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರತಕ್ಕದ್ದು. ದಿನಕ್ಕೊಂದೇ ಪತ್ರಿಕೆ ಹೊರಗೆ ಬರತಕ್ಕದ್ದು. ಮುಂದಿನದನ್ನು ನಾನು ಸಹ ನೋಡತಕ್ಕದ್ದಲ್ಲ. ಮೇಷ್ಟ್ರ ಕೈಗೆ ಕಾನೂನು ಮಾಡುವ ಅಧಿಕಾರ ಸಿಕ್ಕರೆ ಆಗುವುದೇ ಹೀಗೆ. ಅದನ್ನು ಪಾಲಿಸುತ್ತಿದ್ದೇನೆಂಬ ಹೆಮ್ಮೆ ನನಗೆ ಎಷ್ಟಿತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಂಜೆ ಮಗ್ಗ ನಿಂತ ಮೇಲೆ ಚೌಡಪ್ಪನ ಮನೆಯ ಜಗಲಿಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು: ನಾನು, ಚೌಡಪ್ಪ, ಟಪಾಲು ಕಚೇರಿಯ ಆಚಾರ್ಯರು, ರೇಷ್ಮೆ ನೂಲಿನ ವ್ಯಾಪಾರಿ ಖಾದರ್ ಸಾಹೇಬರು. ಆಚಾರ್ಯರು ಸರ್ಕಾರಿ ಮನುಷ್ಯರು, ಹಿಂದಿನ ವರ್ಷ ಗೆದ್ದವನ ಪಕ್ಷವನ್ನೇ ಹಿಡಿಯುತ್ತಿದ್ದರು. ಖಾದರ್ ಸಾಹೇಬರಿಗೆ ಆಸ್ಟ್ರೇಲಿಯಾದಿಂದ ಹಡಗು ಹತ್ತಿ ಬಂದಿದ್ದ ಒಬ್ಬ ತರುಣನ ಮೇಲೆ ಭರವಸೆ. ಚೌಡಪ್ಪ ಮಾತ್ರ ಯಾರೂ ಗಣನೆಗೆ ತೆಗೆದುಕೊಳ್ಳದ ಒಬ್ಬ ಹಳೆಯ ಆಟಗಾರನನ್ನು ಆರಿಸಿಕೊಂಡ. ವಯಸ್ಸಾದರೂ ಈ ಮನುಷ್ಯ ಮತ್ತೆ ಬಂದಿದ್ದಾನೆಂದು ಪತ್ರಿಕೆಯವನು ತುಸು ವ್ಯಂಗ್ಯವಾಗಿಯೇ ಬರೆದಿದ್ದ. ಚೌಡಪ್ಪನಿಗೆ ಅಷ್ಟು ಸಾಕಾಯಿತು. ಆ ಇಂಗ್ಲಿಷ್ ಹೆಸರು ಅವನ ನಾಲಿಗೆಗೆ ಹೊರಳದೆ, ಅವನನ್ನು ‘ಮನೋಡು’ ಎಂದು ಕರೆದ. ತೆಲುಗಿನಲ್ಲಿ ನಮ್ಮವನು ಎಂದರ್ಥ.

ಮೊದಲ ಸುತ್ತುಗಳ ಆ ಸಂಜೆಗಳು ಎಂಥವು! ಆಟದ ಎಣಿಕೆಯಲ್ಲಿ ಹದಿನೈದು, ಮೂವತ್ತು ಆದ ಮೇಲೆ ನಲವತ್ತು ಹೇಗಾಯಿತು, ನಡುವಿನ ಐದು ಎಲ್ಲಿ ಹೋಯಿತು ಎಂದು ಎಳೆ ಎಣಿಸಿ ಬದುಕುವ ಚೌಡಪ್ಪ ಪಟ್ಟು ಹಿಡಿದು ಕೇಳುತ್ತಿದ್ದ. ನನಗೆ ಗೊತ್ತಿರಲಿಲ್ಲವಾದ್ದರಿಂದ ಅದು ಪೂರ್ವಾಚಾರವೆಂದು ಹೇಳಿ ಪಾರಾಗುತ್ತಿದ್ದೆ. “ಏ ಚೌಡಪ್ಪಾ, ನಿನ್ನ ಬುಡ್ಡಾ ನಾಳೆ ಖತಂ ಲೇ,” ಎಂದು ಸಾಹೇಬರು ಕೆಣಕಿದರೆ, “ನಾಳೆ ಮಾತು ನಾಳೆಗೈತೆ ಸಾಬ್ರೇ, ಇವತ್ತು ಗೆದ್ದವ್ನೆ ಮನೋಡು,” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಲಂಡನ್ನಿನಲ್ಲಿ ಗೆದ್ದವನು ಬಟ್ಟಲು ಹಿಡಿದು ಮನೆಗೆ ಹೋಗಿ ಎಷ್ಟೋ ದಿನವಾಗಿತ್ತು. ನಮ್ಮ ಜಗಲಿಯ ಮೇಲೆ ಅವನಿನ್ನೂ ಮೊದಲ ಸುತ್ತಿನಲ್ಲಿ ಬೆವರುತ್ತಿದ್ದ. ಮುಗಿದುಹೋದದ್ದಕ್ಕೆ ಭವಿಷ್ಯ ನುಡಿಯುವ ಜ್ಯೋತಿಷಿಗಳು ನಾವು.

ಮುಂದಿನ ವರ್ಷವೂ ಮನೋಡು ಆಡಲಿಳಿದ. ಆದರೆ ಆ ವರ್ಷ ಚೌಡಪ್ಪನಿಗೆ ಕೆಮ್ಮು ಹತ್ತಿತ್ತು. ಯುಗಾದಿಗೆ ಶುರುವಾದದ್ದು ಆಷಾಢದ ಹೊತ್ತಿಗೆ ಅವನನ್ನು ಮಗ್ಗದಿಂದ ಎಬ್ಬಿಸಿ ಚಾಪೆಯ ಮೇಲೆ ಮಲಗಿಸಿತು. ಶ್ರಾವಣಕ್ಕೆ ಒಪ್ಪಿಕೊಂಡಿದ್ದ ಸೀರೆಗಳನ್ನು ಅವನ ಹೆಂಡತಿ ಸುಂಕಮ್ಮ ನೇಯುತ್ತಿದ್ದಳು. ಹೊರಗೆ ಆಷಾಢದ ಗಾಳಿ ಧೂಳೆಬ್ಬಿಸುತ್ತಿದ್ದುದರಿಂದ ನಮ್ಮ ಸಭೆ ಜಗಲಿಯಿಂದ ಮಗ್ಗದ ಕೋಣೆಗೆ ಸ್ಥಳಾಂತರವಾಯಿತು. ಆಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಅದು ಸುಳ್ಳಾಗಬಹುದೆಂದು ಎಲ್ಲೋ ಒಂದು ಮೂಢ ಆಸೆ.

ಕಟ್ಟು ಬಂತು. ಮೊದಲ ದಿನದ ಪತ್ರಿಕೆಯಲ್ಲಿ ಮನೋಡು ಸುಲಭವಾಗಿ ಗೆದ್ದಿದ್ದ. ಎರಡನೆಯ ದಿನ ಅವನಿಗೆ ಆಟವಿರಲಿಲ್ಲ. ಮೂರನೆಯ ದಿನ ಮೊದಲ ಎರಡು ಸೆಟ್ಟು ಸೋತು, ಉಳಿದ ಮೂರನ್ನೂ ಗೆದ್ದಿದ್ದ. ಅದನ್ನು ಓದುವಾಗ ಚೌಡಪ್ಪ ಗೋಡೆಗೆ ಒರಗಿ ಎದ್ದು ಕೂತ. ಖಾದರ್ ಸಾಹೇಬರು ಕೂಡ ಸೋಲೊಪ್ಪಿ “ಶಾಬಾಸ್” ಎಂದರು. ಆಚಾರ್ಯರೂ ಸಾಹೇಬರೂ ಎದ್ದು ಹೋದ ಮೇಲೆ ಚೌಡಪ್ಪ ನನ್ನ ಕೈ ಹಿಡಿದುಕೊಂಡ.

“ಮೇಷ್ಟ್ರೇ, ಇವತ್ತೊಂದಿನ ಕಾನೂನು ಬಿಡ್ರಿ. ಕಟ್ಟು ಬಿಚ್ಚಿ, ಮನೋಡು ಏನಾದ ಅಂತ ನೋಡಿ ಹೇಳ್ರಿ.”

ಶಾಲೆ ಅಲ್ಲಿಂದ ನೂರು ಹೆಜ್ಜೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಹೊರಗೆ ಇನ್ನೂ ಓದುವಷ್ಟು ಬೆಳಕೂ ಇತ್ತು.

“ನಾಳೇದು ನಾಳೆ ಕಣಯ್ಯಾ,” ಎಂದೆ, ನಗುತ್ತ. “ನೀನೇ ಒಪ್ಪಿದ ಕಾನೂನಲ್ಲವೇ?”

ಅವನು ನನ್ನ ಕೈ ಬಿಟ್ಟ. “ಆಗ್ಲಿ ಬಿಡ್ರಿ,” ಎಂದ. “ನಾಳೆ ಬರ್ತೀರಲ್ಲ?”

“ಬರ್ತೀನಿ.”

ಮರುದಿನ ಶಾಲೆಯ ಗಂಟೆ ಹೊಡೆಯುವ ಮುಂಚೆಯೇ ಚೌಡಪ್ಪ ತೀರಿಕೊಂಡನೆಂಬ ಸುದ್ದಿ ಬಂತು. ನಾನು ಹೋದೆ, ಮಾತಿಗೆ ತಪ್ಪಲಿಲ್ಲ, ಬರಿಗೈಯಲ್ಲಿ ಹೋದೆ.

ಕಾನೂನಿನ ಮೇಲಿನ ನಿಷ್ಠೆಯಿಂದ ನಾನು ಹಾಗೆ ಮಾಡಿದೆನೆಂದು ನೀವು ತಿಳಿಯಬೇಡಿ. ನಾನೂ ಬಹಳ ದಿನ ಹಾಗೆಯೇ ತಿಳಿದುಕೊಂಡು ಸಮಾಧಾನ ಪಡಲು ನೋಡಿದೆ. ನಿಜ ಬೇರೆ. ಆ ಸಂಜೆ ಕಡೆಯ ಪತ್ರಿಕೆಯನ್ನು ಬಿಚ್ಚುವುದೆಂದರೆ, ಚೌಡಪ್ಪಾ, ನಿನಗೆ ನಾಳೆಯಿಲ್ಲವೆಂದು ನನ್ನ ಕೈಯಾರೆ ಬರೆದುಕೊಟ್ಟಂತೆ. ನಾನು ಹೆದರಿದೆ. ಅವನು ಹೆದರದೆ ಕೇಳಿದ್ದನ್ನು ನಾನು ಹೆದರಿಕೊಂಡು ಇಲ್ಲವೆಂದೆ, ಮತ್ತು ಆ ಹೆದರಿಕೆಗೆ ಕಾನೂನೆಂಬ ದೊಡ್ಡ ಹೆಸರಿಟ್ಟೆ. ನಾಳೆ ಎಂಬ ಮಾತನ್ನು ನಾನು ಅವನಿಗೆ ಔಷಧಿಯೆಂದು ಕೊಟ್ಟಿದ್ದೆ. ಕುಡಿದವನು ನಾನೇ.

ಉಳಿದ ಪತ್ರಿಕೆಗಳು ಪೆಟ್ಟಿಗೆಯಲ್ಲೇ ಇದ್ದವು. ಆಚಾರ್ಯರೂ ಕೇಳಲಿಲ್ಲ, ಸಾಹೇಬರೂ ಕೇಳಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಸುಂಕಮ್ಮ ಹೇಳಿಕಳಿಸಿದಳು. ಹೋದಾಗ ಅವಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಚಾಪೆ ಹಾಸುತ್ತಿದ್ದ ಜಾಗದಲ್ಲಿ ನೂಲಿನ ಬುಟ್ಟಿ ಇತ್ತು.

“ಆ ಪೇಪರು ಐತೇನ್ರಿ ಮೇಷ್ಟ್ರೇ?”

“ಐತಮ್ಮ.”

“ತಂದು ಓದ್ರಿ.”

ನೂರು ಹೆಜ್ಜೆ ನಡೆದು ಹೋಗಿ ತಂದೆ. ನಾಲ್ಕನೆಯ ದಿನದ ಪತ್ರಿಕೆ ಬಿಡಿಸಿದೆ. ಬಹಳ ಹುಡುಕಬೇಕಾಗಲಿಲ್ಲ, ಮನೋಡು ಅಂದೇ ಸೋತಿದ್ದ. ಐದು ಸೆಟ್ಟಿನ ಆಟ, ಕಡೆಯದು ಹನ್ನೊಂದು–ಒಂಬತ್ತು, ಬೆಳಕು ಕುಂದುವವರೆಗೂ ನಡೆಯಿತು ಎಂದಿತ್ತು. ಓದಿ ತಲೆ ತಗ್ಗಿಸಿದೆ. ಆ ಸಂಜೆ ಬಿಚ್ಚದೇ ಇದ್ದದ್ದೇ ಒಳ್ಳೆಯದಾಯಿತು, ಗೆಲುವಿನ ಸಂತೋಷದಲ್ಲೇ ಕಣ್ಣುಮುಚ್ಚಿದ ಎಂದು ಹೇಳಲು ನನ್ನ ನಾಲಿಗೆ ಆತುರಪಡುತ್ತಿತ್ತು. ಅಷ್ಟರಲ್ಲಿ ಸುಂಕಮ್ಮ ಲಾಳಿಯನ್ನು ಕೆಳಗಿಟ್ಟಳು.

“ಅವನು ಗೆಲ್ಲಲ್ಲ ಅಂತ ಅವ್ರಿಗೆ ಮೊದ್ಲೇ ಗೊತ್ತಿತ್ರಿ. ನಂಗೆ ಹೇಳಿದ್ರು. ‘ಮನೋಡು ಸೋಲ್ತಾನೆ ಸುಂಕೀ, ವಯಸ್ಸಾಗೈತೆ. ಎಷ್ಟೊತ್ತು ನಿಂತ ಅಂತ ಕೇಳ್ಬೇಕು, ಅಷ್ಟೇ’ ಅಂದ್ರು.” ಅವಳು ಕಣ್ಣೆತ್ತಿ ನನ್ನನ್ನು ನೋಡಿದಳು. “ಎಷ್ಟೊತ್ತು ನಿಂತನ್ರಿ?”

“ಬಾಳ ಹೊತ್ತು ನಿಂತ ಕಣಮ್ಮ,” ಎಂದೆ. “ಕತ್ತಲಾಗೋವರೆಗೂ ನಿಂತ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಲಾಳಿ ಎತ್ತಿಕೊಂಡಳು. ನಾನು ಎದ್ದುಬಂದೆ. ಅವನು ನನ್ನಿಂದ ಗೆಲುವನ್ನು ಬೇಡಿರಲಿಲ್ಲ, ಸಾಂತ್ವನವನ್ನೂ ಬೇಡಿರಲಿಲ್ಲ. ತನ್ನವನು ಹೇಗೆ ಸೋತನೆಂದು ತಿಳಿದುಕೊಂಡು ಹೊರಡಬೇಕೆಂದಿದ್ದ. ಒಂದು ಸಾಲು, ಐದು ಜೊತೆ ಅಂಕಿ. ಅಷ್ಟನ್ನೂ ನಾನು ಕೊಡಲಿಲ್ಲ. ಅದನ್ನು ಕೊಟ್ಟಿದ್ದರೆ ಅವನು ಆ ಹನ್ನೊಂದು–ಒಂಬತ್ತನ್ನು ಕೇಳಿ ಖಂಡಿತ ನಗುತ್ತಿದ್ದ. ಆ ನಗುವನ್ನು ನಾನು ಕಳೆದೆನಲ್ಲ ಎಂಬ ದುಃಖ ಇಂದಿಗೂ ಹೋಗಿಲ್ಲ.

ಆ ವರ್ಷ ಕೊನೆಗೆ ಗೆದ್ದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಐದನೆಯ ದಿನದಿಂದ ಮುಂದಿನ ಪತ್ರಿಕೆಗಳು ನನ್ನ ಪೆಟ್ಟಿಗೆಯ ತಳದಲ್ಲಿ ಮಡಿಕೆ ಬಿಚ್ಚದೆ ಕೂತಿವೆ. ಚಳ್ಳಕೆರೆಗೆ ಮತ್ತೆ ವರ್ಗವಾಗಿ ಬರುವಾಗ ಅವೂ ಗಾಡಿ ಹತ್ತಿ ಬಂದವು. ಆ ಒಂದು ಕಟ್ಟನ್ನು ಬಿಟ್ಟರೆ, ಆಮೇಲೆ ಮತ್ತಾವ ಪತ್ರಿಕೆಯ ಕಡೆಯ ಪುಟವನ್ನೂ ನಾನು ನಾಳೆಗೆಂದು ಉಳಿಸಿದವನಲ್ಲ.

ಇಂದು ಬೆಳಿಗ್ಗೆಯೂ ಪತ್ರಿಕೆ ಬಂತು. ಹಿಂದಿನ ಪುಟ ಮಗುಚಿ, ಎಲ್ಲಿಯದೋ ಪಂದ್ಯದಲ್ಲಿ ಸೋತ ಯಾರದೋ ಹೆಸರನ್ನೂ, ಅವನು ಪ್ರತಿಯೊಂದು ಸೆಟ್ಟಿನಲ್ಲಿ ಎಷ್ಟೆಷ್ಟು ಗಳಿಸಿದನೆಂಬುದನ್ನೂ ಒಂದೂ ಬಿಡದೆ ಗಟ್ಟಿಯಾಗಿ ಓದಿದೆ.

“ಯಾರು ಕೇಳಿದ್ರು ನಿಮ್ಮನ್ನ?” ಎಂದಳು ಹೆಂಡತಿ ಒಳಗಿನಿಂದ.

“ಚೌಡಪ್ಪ ಕೇಳಿದ್ದ ಕಣೇ,” ಎಂದೆ.